ಮಂದ್ರಧ್ವನಿಯೂ ನೆರೆಮನೆಯೂ

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಅಂಥ ಬಾಗಿಲಿಲ್ಲ. ಬೇಡವಾದುದನ್ನು ನೋಡದಿರಲು ಮನುಷ್ಯನು ಮುಖ ತಿರುಗಿಸಬಲ್ಲನು. ಬೇಡವಾದ ಸದ್ದಿನಿಂದ ತಪ್ಪಿಸಿಕೊಳ್ಳಬೇಕಾದರೆ ಅವನು ಮನೆಯನ್ನೇ ಬಿಟ್ಟು ಹೊರಡಬೇಕಾಗುತ್ತದೆ. ಆದುದರಿಂದ ಒಂದು ಮನೆಯ ಸಂಗೀತವು ಮತ್ತೊಂದು ಮನೆಯನ್ನು ಹೊಕ್ಕಾಗ ಅದು ಅತಿಥಿಯಾಗಿ ಬಂದಿತೋ ಉಪದ್ರವವಾಗಿ ಬಂದಿತೋ ಎಂಬುದನ್ನು ಹೇಳಬೇಕಾದವರು ಕೇಳಿಸುವವರಲ್ಲ, ಕೇಳಬೇಕಾಗಿ ಬಂದವರು. ಈ ಸಣ್ಣ ಸತ್ಯವನ್ನು ಮರೆತಾಗ ಸಜ್ಜನರೂ ತಮಗರಿವಿಲ್ಲದೆಯೇ ನೆರೆಹೊರೆಗೆ ಪೀಡೆಯಾಗುತ್ತಾರೆ. ಸಬ್‌ವೂಫರ್ ಎಂಬ ಪೆಟ್ಟಿಗೆಯೊಂದನ್ನು ಮನೆಯಲ್ಲಿ ಹೊಂದಿಸಿಕೊಳ್ಳುವ ಕ್ರಮವನ್ನೇ ನೆಪವಾಗಿಟ್ಟುಕೊಂಡು ಈ ವಿಷಯವನ್ನು ವಿಚಾರ ಮಾಡಬಹುದಾಗಿದೆ.

ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಧ್ವನಿ ಕೇಳಿಸುತ್ತದೆ. ಈ ಕಂಪನಸಂಖ್ಯೆಯನ್ನು ಹರ್ಟ್ಸ್ ಎಂಬ ಮಾನದಿಂದ ಹೇಳುತ್ತಾರೆ. ಕಂಪನ ಕಡಿಮೆಯಾದಷ್ಟೂ ಧ್ವನಿ ಮಂದ್ರವಾಗುತ್ತದೆ, ಅದರ ಅಲೆ ಉದ್ದವಾಗುತ್ತದೆ. 20 ಹರ್ಟ್ಸ್ ಧ್ವನಿಯ ಒಂದು ಅಲೆ ಸುಮಾರು 17 ಮೀಟರ್ ಉದ್ದವಿರುತ್ತದೆ. ಇಂಥ ಧ್ವನಿಯನ್ನು ಹೊರಡಿಸಲು ಬಹಳ ಗಾಳಿಯನ್ನು ತಳ್ಳಬೇಕು. ಪುಸ್ತಕದ ಕಪಾಟಿನಲ್ಲಿ ಕೂರುವಂಥ ಚಿಕ್ಕ ಸ್ಪೀಕರುಗಳಿಗೆ ಆ ಶಕ್ತಿಯಿಲ್ಲ. ಅವುಗಳಲ್ಲಿ ಅನೇಕವು 60 ಅಥವಾ 70 ಹರ್ಟ್ಸ್‌ಗಿಂತ ಕೆಳಗೆ ಸೊರಗಿಹೋಗುತ್ತವೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಅವರು ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡು, ಸಣ್ಣ ಪೆಟ್ಟಿಗೆಯಿಂದಲೂ ಆಳವಾದ ಧ್ವನಿ ಹೊರಡುವ ಸ್ಪೀಕರನ್ನು ಬಳಕೆಗೆ ತಂದರು. ಮುಂದೆ ಮಂದ್ರಧ್ವನಿಯೊಂದಕ್ಕೇ ಮೀಸಲಾದ ಪ್ರತ್ಯೇಕ ಪೆಟ್ಟಿಗೆ ರೂಢಿಗೆ ಬಂದಿತು. ಅದೇ ಸಬ್‌ವೂಫರ್. ಅದಕ್ಕೆ ಬೇಕಾದ ಆಂಪ್ಲಿಫೈಯರನ್ನು ಪೆಟ್ಟಿಗೆಯೊಳಗೇ ಕೂಡಿಸಿದ್ದರೆ ಅದನ್ನು ಪವರ್ಡ್ ಸಬ್‌ವೂಫರ್ ಎನ್ನುತ್ತಾರೆ.

ಬೆಂಗಳೂರಿನ ಬಹುಮಹಡಿ ಕಟ್ಟಡವೊಂದರ ಎರಡನೆಯ ಅಂತಸ್ತಿನಲ್ಲಿ ವಾಸವಾಗಿರುವ, ಅರವತ್ತು ದಾಟಿದ ಗೃಹಸ್ಥರೊಬ್ಬರು ಇಂಥ ಪೆಟ್ಟಿಗೆಯನ್ನು ತಂದುದು ಆಡಂಬರಕ್ಕಾಗಿ ಅಲ್ಲ. ಅವರ ತಂದೆ ಮೃದಂಗವಾದಕರು. ಉತ್ಸವದ ಕಚೇರಿಗಳಲ್ಲಿ ನುಡಿಸಿ ಬಂದ ಸಂಭಾವನೆಯಲ್ಲಿ ಮಕ್ಕಳನ್ನು ಓದಿಸಿದವರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಮೂರು ಕ್ಯಾಸೆಟ್ಟುಗಳು. ಅವುಗಳನ್ನು ಚಿಕ್ಕ ಸ್ಪೀಕರುಗಳಲ್ಲಿ ಹಾಕಿದಾಗ ಬಲಮುಖದ ನಾದ ಸ್ಪಷ್ಟವಾಗಿಯೇ ಕೇಳುತ್ತಿತ್ತು. ಎಡಗೈ ಮಾತ್ರ ಇಲ್ಲವೇ ಇಲ್ಲವೆಂಬಂತೆ ಇರುತ್ತಿತ್ತು.

ಮೃದಂಗದ ರಚನೆಯನ್ನು ತಿಳಿದವರಿಗೆ ಇದು ಅರ್ಥವಾಗುತ್ತದೆ. ಬಲಮುಖದ ಕರಣೆಯ ದೆಸೆಯಿಂದ ಅದರ ಉಪಸ್ವರಗಳು ಶ್ರುತಿಬದ್ಧವಾಗಿ ಕೂಡಿಬರುತ್ತವೆ. ಈ ಬಗೆಯ ಭಾರತೀಯ ಚರ್ಮವಾದ್ಯಗಳ ಈ ವೈಶಿಷ್ಟ್ಯವನ್ನು ಸಿ. ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ ಅವರು 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು. ಎಡಮುಖದ್ದು ಬೇರೆ ದಾರಿ. ಅದರ ನಡುವೆ ಹಸಿಯಾದ ರವೆಯ ಕಣಕವನ್ನು ಮೆತ್ತಿ ಭಾರವನ್ನು ಹೆಚ್ಚಿಸಿ, ಸ್ವರವನ್ನು ಬಹಳ ಕೆಳಗಿಳಿಸುತ್ತಾರೆ. ಅಂಗೈಯ ಬುಡವನ್ನು ಒತ್ತಿ ಜಾರಿಸಿದಾಗ ಆ ಮಂದ್ರಸ್ವರ ಮೇಲಕ್ಕೇರುತ್ತದೆ, ಅದೇ ಗುಮ್ಕಿ. ಗುಮ್ಕಿಯಿಲ್ಲದ ಮೃದಂಗವೆಂದರೆ ಅರ್ಧ ಮಾತಾಡಿ ನಿಲ್ಲಿಸಿದ ಹಾಗೆ. ತಂದೆಯ ಆ ಎಡಗೈಯನ್ನು ಇನ್ನೊಮ್ಮೆ ಕೇಳಬೇಕೆಂಬುದೇ ಆ ಗೃಹಸ್ಥರ ಆಸೆ.

ಪೆಟ್ಟಿಗೆಯನ್ನು ಅವರು ಮೊದಲು ಮೂಲೆಯಲ್ಲಿ ಇಟ್ಟರು. ಎಲ್ಲರೂ ಹಾಗೆಯೇ ಮಾಡುತ್ತಾರೆ. ಅಲ್ಲಿ ಅದು ಕಾಲಿಗೆ ಅಡ್ಡ ಬರುವುದಿಲ್ಲ. ಆಂಪ್ಲಿಫೈಯರಿನ ತಂತಿಯನ್ನು ಜೋಡಿಸಿದ ಕೂಡಲೇ ಸಂಗೀತಕ್ಕೆ ಮೊದಲೇ 'ಹುಂ' ಎಂಬ ಸದ್ದು ಹೊರಟಿತು. ಭಾರತದಲ್ಲಿ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಎರಡು ಉಪಕರಣಗಳು ಬೇರೆಬೇರೆ ಗೋಡೆಗಳಿಂದ ವಿದ್ಯುತ್ತನ್ನೂ ಅರ್ತಿಂಗನ್ನೂ ಪಡೆದು, ನಡುವೆ ಸಂಗೀತದ ತಂತಿಯಿಂದಲೂ ಕೂಡಿಕೊಂಡಾಗ ಒಂದು ಬಳೆಯಾಗಿ, ಆ 50 ಹರ್ಟ್ಸ್‌ನ ಸದ್ದು ಒಳನುಗ್ಗುತ್ತದೆ. ಕೆಲವರು ಇದಕ್ಕೆ ಪ್ಲಗ್ಗಿನ ಅರ್ತ್ ಕಡ್ಡಿಯನ್ನೇ ಕಿತ್ತುಹಾಕುವುದುಂಟು. ಅದು ಪ್ರಾಣಕ್ಕೆ ಅಪಾಯಕಾರಿ, ಎಂದಿಗೂ ಮಾಡಬಾರದು. ಎರಡೂ ಉಪಕರಣಗಳನ್ನು ಒಂದೇ ಸಾಕೆಟ್ಟಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಿದರೆ ಬಹುಮಟ್ಟಿಗೆ ಸದ್ದು ಅಡಗುತ್ತದೆ. ಅವರ ಮನೆಯಲ್ಲಿಯೂ ಹಾಗೆಯೇ ಅಡಗಿತು.

ಆದರೆ ಕ್ಯಾಸೆಟ್ಟನ್ನು ಹಾಕಿದಾಗ ಕೇಳಿದ್ದು ತಂದೆಯ ಎಡಗೈ ಅಲ್ಲ, ಕೋಣೆಯ ಹೂಂಕಾರ. ಯಾವ ಪೆಟ್ಟಿಗೂ ಒಂದೇ ಉತ್ತರ ಬರುತ್ತಿತ್ತು. ಷೋಕೇಸಿನ ಗಾಜು ಅದುರಿತು. ಅಡಿಗೆಮನೆಯ ಸ್ಟೀಲ್ ತಟ್ಟೆಗಳು ಸ್ಟ್ಯಾಂಡಿನಲ್ಲಿ ಕಿಣಿಕಿಣಿ ಎಂದವು.

ಇದಕ್ಕೆ ಕಾರಣ ಪೆಟ್ಟಿಗೆಯಲ್ಲ, ಕೋಣೆ. ಎದುರುಬದುರು ಗೋಡೆಗಳ ನಡುವೆ ಅಲೆಯೊಂದು ಸರಿಯಾಗಿ ಹೊಂದಿಕೊಂಡಾಗ ಅದು ಹಿಂದಕ್ಕೂ ಮುಂದಕ್ಕೂ ಚಲಿಸಿ ಬಲಗೊಳ್ಳುತ್ತದೆ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಕೋಣೆ ಯಾವ ಸ್ವರವನ್ನು ಹಿಗ್ಗಿಸುತ್ತದೆಂಬುದು ದೊರೆಯುತ್ತದೆ. ಅವರ ಕೋಣೆ 5 ಮೀಟರ್ ಉದ್ದ, 3.5 ಮೀಟರ್ ಅಗಲ. ಆದ್ದರಿಂದ ಅದು ಸುಮಾರು 34, 49 ಹಾಗೂ 34ರ ಇಮ್ಮಡಿಯಾದ 69 ಹರ್ಟ್ಸ್‌ಗಳಲ್ಲಿ ಹಿಗ್ಗುತ್ತದೆ. ಪೆಟ್ಟಿಗೆ ಮೂಲೆಯಲ್ಲಿದ್ದರೆ ಈ ಎಲ್ಲವೂ ಒಟ್ಟಿಗೆ ಕೆರಳುತ್ತವೆ. ಗುಮ್ಕಿಯ ಸ್ವರ ಜಾರುತ್ತ ಏರುವಾಗ ಕೋಣೆ ಅದರ ಒಂದು ಬಿಂದುವನ್ನು ಹಿಡಿದು ಕೂಗಿ, ಉಳಿದುದನ್ನು ನುಂಗಿಬಿಡುತ್ತಿತ್ತು.

ಪರಿಹಾರವೂ ಸರಳವೇ, ಆದರೆ ಅದಕ್ಕೆ ಮಂಡಿಯೂರಬೇಕಾಗುತ್ತದೆ. ಪೆಟ್ಟಿಗೆಯನ್ನು ತಾವು ಕೂತು ಕೇಳುವ ಆಸನದ ಮೇಲೆಯೇ ಇಟ್ಟು, ಮಂದ್ರಸ್ವರಗಳು ಧಾರಾಳವಾಗಿರುವ ಸಂಗೀತವನ್ನು ಹಾಕಿ, ಗೋಡೆಯ ಅಂಚಿನಲ್ಲಿ ನೆಲದ ಮಟ್ಟಕ್ಕೆ ಕಿವಿಯನ್ನು ತಗ್ಗಿಸಿ ತೆವಳುತ್ತ ಹೋಗಬೇಕು. ಎಲ್ಲಿ ಎಲ್ಲ ಸ್ವರಗಳೂ ಸಮವಾಗಿ ಕೇಳುತ್ತವೆಯೋ ಅಲ್ಲಿ ಗುರುತು ಹಾಕಿ, ಪೆಟ್ಟಿಗೆಯನ್ನು ಆ ಜಾಗಕ್ಕೆ ತರಬೇಕು. ಮಾತಾಡುವವನೂ ಕೇಳುವವನೂ ಸ್ಥಳ ಬದಲಿಸಿಕೊಂಡರೂ ಕೋಣೆಯ ಉತ್ತರ ಒಂದೇ ಎಂಬುದೇ ಇದರ ತತ್ತ್ವ. ಗೃಹಸ್ಥರು ತೆವಳುವುದನ್ನು ಕಂಡು ಮಗಳು ನಕ್ಕಳಂತೆ. ಅವರಿಗೆ ಗುರುತು ಸಿಕ್ಕಿದ್ದು ಉದ್ದನೆಯ ಗೋಡೆಯಲ್ಲಿ, ಮೂಲೆಯಿಂದ ಒಂದೂಕಾಲು ಮೀಟರಿನಷ್ಟು ದೂರದಲ್ಲಿ. ಲೆಕ್ಕವೂ ಅದನ್ನೇ ಹೇಳುತ್ತದೆ. ಕೋಣೆಯ ಉದ್ದದ ಕಾಲುಭಾಗದಲ್ಲಿ 69 ಹರ್ಟ್ಸ್‌ನ ಆ ಅಲೆಯ ಒತ್ತಡ ಶೂನ್ಯಕ್ಕೆ ಹತ್ತಿರವಿರುವುದರಿಂದ, ಅಲ್ಲಿಟ್ಟ ಪೆಟ್ಟಿಗೆ ಅದನ್ನು ಕೆರಳಿಸಲಾರದು.

ಉಳಿದದ್ದು ಪೆಟ್ಟಿಗೆಯ ಹಿಂಬದಿಯ ಮೂರು ಹೊಂದಾಣಿಕೆಗಳು. ಒಂದನೆಯದು ಕ್ರಾಸ್‌ಓವರ್. ಚಿಕ್ಕ ಸ್ಪೀಕರುಗಳು ಎಲ್ಲಿ ಸೊರಗುತ್ತವೆಯೋ ಅಲ್ಲಿಂದ ಕೆಳಗಿನದನ್ನು ಮಾತ್ರ ಸಬ್‌ವೂಫರ್ ವಹಿಸಿಕೊಳ್ಳುವಂತೆ ಈ ಗುಂಡಿಯನ್ನು ತಿರುಗಿಸಬೇಕು. ಸಾಮಾನ್ಯವಾಗಿ 80 ಹರ್ಟ್ಸ್ ಹತ್ತಿರ ಆರಂಭಿಸಿ ಹೆಚ್ಚುಕಡಿಮೆ ಮಾಡುತ್ತಾರೆ. ಅದಕ್ಕಿಂತ ಕೆಳಗಿನ ಧ್ವನಿ ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಕಿವಿ ಸುಲಭವಾಗಿ ಪತ್ತೆಹಚ್ಚಲಾರದು. ಬಹಳ ಮೇಲಕ್ಕೆ ತಿರುಗಿಸಿದರೆ ಗಾಯಕನ ಕಂಠವೂ ಆ ಪೆಟ್ಟಿಗೆಯಿಂದಲೇ ಬಂದಂತಾಗಿ ಹಾಡು ದಪ್ಪಗಾಗುತ್ತದೆ. ಎರಡನೆಯದು ಫೇಸ್. ಸ್ಪೀಕರು ಗಾಳಿಯನ್ನು ಮುಂದಕ್ಕೆ ತಳ್ಳುವ ಹೊತ್ತಿನಲ್ಲಿ ಸಬ್‌ವೂಫರ್ ಹಿಂದಕ್ಕೆ ಎಳೆಯುತ್ತಿದ್ದರೆ ಒಂದರ ದುಡಿಮೆಯನ್ನು ಇನ್ನೊಂದು ಅಳಿಸಿಹಾಕುತ್ತದೆ. 0 ಮತ್ತು 180 ಎಂಬ ಎರಡು ಸ್ಥಾನಗಳಲ್ಲಿ ಯಾವುದರಲ್ಲಿ ಆಸನದಲ್ಲಿ ಕೂತವರಿಗೆ ಮಂದ್ರಸ್ವರ ತುಂಬಿ ಕೇಳುತ್ತದೆಯೋ ಅದನ್ನು ಇಟ್ಟುಕೊಳ್ಳಬೇಕು. ಮೂರನೆಯದು ಧ್ವನಿಯ ಪ್ರಮಾಣ. ಸೊನ್ನೆಯಿಂದ ಮೆಲ್ಲನೆ ಏರಿಸಿ, ಪೆಟ್ಟಿಗೆ ಇದೆಯೆಂದು ತಿಳಿದುಬಂದ ಕೂಡಲೇ ಸ್ವಲ್ಪ ಇಳಿಸಬೇಕು. ಸಬ್‌ವೂಫರ್ ಇರುವುದು ಅದನ್ನು ಆರಿಸಿದಾಗ ಮಾತ್ರ ಗೊತ್ತಾಗಬೇಕೆಂದು ಬಲ್ಲವರು ಹೇಳುತ್ತಾರೆ.

ಇಷ್ಟಾದ ಮೇಲೆ ಆ ಗೃಹಸ್ಥರಿಗೆ ಬೇಕಾದುದು ಕೇಳಿಸಿತು. ತನಿಯಾವರ್ತನದ ನಡುವೆ ಎಡಗೈ ಜಾರಿ ಏಳುವ ಆ ನಾದವನ್ನು ಕೇಳಿ ಅವರು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಅಂದಿನಿಂದ ದಿನವೂ ರಾತ್ರಿ ಊಟವಾದ ಮೇಲೆ ಒಂದು ಗಂಟೆ ಕೇಳುವುದು ರೂಢಿಯಾಯಿತು.

ತೊಡಕು ಹುಟ್ಟಿದ್ದು ಇಲ್ಲಿಯೇ. ರಾತ್ರಿಯಾದುದರಿಂದ ಅವರು ಒಟ್ಟು ಧ್ವನಿಯನ್ನು ತಗ್ಗಿಸುತ್ತಿದ್ದರು. ಮನುಷ್ಯನ ಕಿವಿಯ ಸ್ವಭಾವ ವಿಚಿತ್ರವಾದುದು: ಧ್ವನಿ ಕಡಿಮೆಯಾದಾಗ ಮಂದ್ರಸ್ವರಗಳು ಉಳಿದವುಗಳಿಗಿಂತ ಬೇಗ ಮರೆಯಾಗುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ಸಂಶೋಧಕರು 1933ರಲ್ಲಿಯೇ ಇದನ್ನು ಅಳೆದು ತೋರಿಸಿದ್ದಾರೆ. ಎಡಗೈ ಮತ್ತೆ ಮರೆಯಾಯಿತೆಂದು ಗೃಹಸ್ಥರು ಸಬ್‌ವೂಫರಿನ ಗುಂಡಿಯನ್ನು ದಿನದಿನವೂ ಇಷ್ಟಿಷ್ಟೇ ಏರಿಸುತ್ತ ಹೋದರು. ಧ್ವನಿ ಕಡಿಮೆ ಮಾಡಿದ್ದೇನೆಂಬ ಸಮಾಧಾನ ಅವರಿಗಿತ್ತು. ಕೆಳಮನೆಗೆ ಇಳಿಯುತ್ತಿದ್ದುದು ಮಾತ್ರ ಹೆಚ್ಚುತ್ತಲೇ ಇತ್ತು.

ಗೋಡೆಯಾಗಲಿ ತಾರಸಿಯಾಗಲಿ ಎಲ್ಲ ಧ್ವನಿಯನ್ನೂ ಒಂದೇ ಬಗೆಯಾಗಿ ತಡೆಯುವುದಿಲ್ಲ. ಕಂಪನಸಂಖ್ಯೆ ಅರ್ಧಕ್ಕಿಳಿದಂತೆಲ್ಲ ತಡೆಯುವ ಶಕ್ತಿ ಸುಮಾರು 6 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ಹಾಡಿನ ಮಾತು, ಪಿಟೀಲಿನ ಎಳೆ, ತಾಳದ ಕಿಂಕಿಣಿ ಇವೆಲ್ಲ ಮೇಲೆಯೇ ಉಳಿದು, ಕೆಳಗಿನವರಿಗೆ 'ಗುಂ ಗುಂ' ಎಂಬುದಷ್ಟೇ ಪಾಲಾಗುತ್ತದೆ. ಸಂಗೀತದಿಂದ ಸಂಗೀತವನ್ನೆಲ್ಲ ಸೋಸಿ ತೆಗೆದು ಉಳಿದುದನ್ನು ನೆರೆಮನೆಗೆ ಕೊಟ್ಟಂತೆ ಇದು.

ಕೆಳಮನೆಯಲ್ಲಿ ಎಂಬತ್ತು ಸಮೀಪಿಸಿದ ವೃದ್ಧೆಯೊಬ್ಬರು ಒಂಟಿಯಾಗಿ ಇದ್ದರು. ಅವರು ಒಂದು ದಿನವೂ ದೂರಲಿಲ್ಲ. ಎರಡೂ ಮನೆಗಳಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು ಒಮ್ಮೆ ಮಾತಿನ ನಡುವೆ, "ಕೆಳಗಿನ ಅಜ್ಜಿ ಮಂಚವನ್ನ ಊಟದ ಮನೆಗೆ ಹಾಕಿಸ್ಕೊಂಡವ್ರೆ, ರೂಮಲ್ಲಿ ನಿದ್ದೆ ಬರಲ್ವಂತೆ" ಎಂದಳು. ಗೃಹಸ್ಥರು ಮರುದಿನವೇ ಕೆಳಗಿಳಿದು ವಿಚಾರಿಸಿದರು.

"ಅಮ್ಮಾ, ನೀವು ನನಗೊಂದು ಮಾತು ಹೇಳಬೇಕಾಗಿತ್ತು."

"ಹೇಗೆ ಹೇಳಲಪ್ಪಾ? ನಿಮ್ಮ ತಂದೆಯವರ ಮೃದಂಗವಂತೆ. ಅದನ್ನು ನಿಲ್ಲಿಸಿ ಅಂತ ನನ್ನ ಬಾಯಲ್ಲಿ ಬರಲಿಲ್ಲ. ಎದೆ ಮಾತ್ರ ಸ್ವಲ್ಪ ಬಡಕೊಂಡ ಹಾಗೆ ಆಗುತ್ತೆ, ಅಷ್ಟೇ."

ಈ ಮಾತಿನಲ್ಲಿ ವಾಚಕರು ಗಮನಿಸಬೇಕಾದ ಸಂಗತಿಯೊಂದಿದೆ. ಮೇಲಿನವರ ಪಿತೃಭಕ್ತಿಯನ್ನು ಕೆಳಗಿನವರು ತಮ್ಮ ನಿದ್ರೆಯನ್ನು ಕಳೆದುಕೊಂಡು ಕಾಪಾಡುತ್ತಿದ್ದರು. ತಂದೆಯ ಸ್ಮರಣೆಗೆ ಮಗನು ತೆರಬೇಕಾದ ಬೆಲೆಯನ್ನು ಸಂಬಂಧವಿಲ್ಲದವರು ತೆರುತ್ತಿದ್ದರು. ನೆರೆಯವರು ಸುಮ್ಮನಿದ್ದಾರೆಂದರೆ ಅವರಿಗೆ ತೊಂದರೆಯಿಲ್ಲವೆಂದು ತಿಳಿಯುವುದು ಎಂಥ ಭ್ರಮೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಗೃಹಸ್ಥರ ಸಂಬಂಧಿಯೊಬ್ಬರು ಮೊಬೈಲ್ ಫೋನಿನಲ್ಲಿ ಶಬ್ದವನ್ನು ಅಳೆದು, "ನಿಯಮದ ಒಳಗೇ ಇದೆಯಲ್ಲ, ಚಿಂತೆ ಯಾಕೆ?" ಎಂದರು. ಅವರ ಮಾತು ಅಕ್ಷರಶಃ ಸುಳ್ಳಲ್ಲ. 2000ದಲ್ಲಿ ಜಾರಿಗೆ ಬಂದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಎಂದು ಮಿತಿ ಹಾಕಿದವು. ಆದರೆ ಆ ಡೆಸಿಬೆಲ್ಲುಗಳು 'ಎ' ತೂಕದವು. ಅಂದರೆ ಮಂದ್ರಧ್ವನಿಯ ಬಹುಭಾಗವನ್ನು ಕಳೆದು ಎಣಿಸುವಂಥವು. 63 ಹರ್ಟ್ಸ್‌ನಲ್ಲಿ ಈ ಮಾಪನ ಸುಮಾರು 26 ಡೆಸಿಬೆಲ್ ಬಿಟ್ಟುಬಿಡುತ್ತದೆ. ನಿಜವಾಗಿ 65 ಡೆಸಿಬೆಲ್ ಇರುವ ಗುಂಕಾರವು ಮಾಪಕದಲ್ಲಿ 39 ಎಂದು ಕಾಣುತ್ತದೆ. ನಿಶ್ಶಬ್ದವಾದ ಮಲಗುವ ಕೋಣೆಯಲ್ಲಿ ಅದು ಸ್ಪಷ್ಟವಾಗಿಯೇ ಕೇಳುತ್ತದೆ. ನಿಯಮದ ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಕಾನೂನು ತಪ್ಪೆಂದು ಇದರ ಅರ್ಥವಲ್ಲ. ಎಲ್ಲರಿಗೂ ಅನ್ವಯಿಸುವ ಅಳತೆಗೋಲು ಒರಟಾಗಿಯೇ ಇರಬೇಕಾಗುತ್ತದೆ. ಅದು ಬಿಟ್ಟ ಜಾಗವನ್ನು ತುಂಬಬೇಕಾದದ್ದು ಮನುಷ್ಯನ ವಿವೇಕ.

ಗೃಹಸ್ಥರು ಪೆಟ್ಟಿಗೆಯನ್ನು ಮಾರಿಬಿಡಲು ಯೋಚಿಸಿದರು. ವೃದ್ಧೆ ಅದಕ್ಕೆ ಒಪ್ಪಲಿಲ್ಲ. ಕೊನೆಗೆ ಇಬ್ಬರೂ ಸೇರಿ ಒಂದು ದಾರಿ ಹುಡುಕಿದರು. ಮೇಲೆ ಮಗಳು ಗುಂಡಿಯ ಬಳಿ ಕೂತಳು. ಕೆಳಗೆ, ವೃದ್ಧೆಯ ಮಲಗುವ ಕೋಣೆಯಲ್ಲಿ, ಫ್ಯಾನನ್ನೂ ಆರಿಸಿ ಗೃಹಸ್ಥರು ಕೂತರು. ಮೇಲಿನ ಮನೆಯ ಸಂಗೀತ ಕೆಳಗೆ ಹೇಗೆ ಕೇಳುತ್ತದೆಂಬುದು ಅವರಿಗೆ ಅಂದೇ ಮೊದಲ ಸಲ ತಿಳಿದದ್ದು. "ಇನ್ನೂ ಸ್ವಲ್ಪ ಕಡಿಮೆ ಮಾಡಮ್ಮ" ಎಂದು ಫೋನಿನಲ್ಲಿ ಹೇಳುತ್ತ, ತಾವು ಕೇಳಿಸಲಿಲ್ಲವೆಂದಾಗ ಅಲ್ಲ, ವೃದ್ಧೆ ಕೇಳಿಸಲಿಲ್ಲವೆಂದಾಗ ನಿಲ್ಲಿಸಿದರು. ಗುಂಡಿ ನಿಂತ ಜಾಗದಲ್ಲಿ ಬಿಳಿಯ ಬಣ್ಣದ ಒಂದು ಚುಕ್ಕೆ ಇಟ್ಟರು. ಪೆಟ್ಟಿಗೆಯ ಕಂಪನ ನೇರವಾಗಿ ನೆಲಕ್ಕಿಳಿಯದಂತೆ ದಪ್ಪ ರಬ್ಬರಿನ ಹಾಸು ಹಾಕಿದರು. ಗಾಳಿಯ ಮೂಲಕ ಸಾಗುವ ಧ್ವನಿಗೆ ಆ ಹಾಸು ಹೆಚ್ಚೇನೂ ತಡೆಯಲ್ಲ. ತೆಳುವಾದ ಸ್ಪಂಜಾಗಲಿ ಮೊಟ್ಟೆಯ ಟ್ರೇಗಳಾಗಲಿ ಮಂದ್ರಧ್ವನಿಯನ್ನು ನಿಲ್ಲಿಸುತ್ತವೆ ಎಂಬುದೂ ಹುಸಿನಂಬಿಕೆಯೇ. ಪ್ರಮಾಣವನ್ನು ತಗ್ಗಿಸುವುದೊಂದೇ ಖಚಿತವಾದ ಉಪಾಯ. ಕೇಳುವ ಸಮಯ ಸಂಜೆ ಆರಕ್ಕೆ ಬಂದಿತು. ಆ ಹೊತ್ತಿನಲ್ಲಿ ವೃದ್ಧೆ ಹೇಗೂ ಎಚ್ಚರವಾಗಿರುತ್ತಿದ್ದರು. ರಾತ್ರಿ ಕೇಳಬೇಕೆನಿಸಿದಾಗ ಗೃಹಸ್ಥರು ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದರು.

ಈ ಚುಕ್ಕೆಯ ಮಿತಿಯಲ್ಲಿ ಎಡಗೈ ಮೊದಲಿನಷ್ಟು ತುಂಬಿ ಕೇಳುವುದಿಲ್ಲ. ಎದೆಗೆ ತಾಗುತ್ತಿದ್ದ ಒತ್ತು ಹೋಯಿತು. ಅದು ನಷ್ಟವೇ, ಅದನ್ನು ಲಾಭವೆಂದು ಹೇಳಿ ಮರೆಮಾಡುವ ಅಗತ್ಯವಿಲ್ಲ. ಆದರೆ ಕೋಣೆಯ ಹೂಂಕಾರವೂ ತಗ್ಗಿದುದರಿಂದ ಬೆರಳುಗಳ ನಡುವಿನ ನಿಶ್ಶಬ್ದ, ಪೆಟ್ಟು ನಿಲ್ಲುವ ಗಳಿಗೆ, ಮುಂದಿನ ಪೆಟ್ಟಿಗಾಗಿ ಕೈ ಕಾಯುವ ರೀತಿ ಕೇಳತೊಡಗಿದವು. ತಂದೆ ನುಡಿಸುತ್ತಿದ್ದಾಗ ಸಭೆಯಲ್ಲಿ ಹಿಂದೆ ಕೂತವರಿಗೆ ಎಷ್ಟು ಕೇಳುತ್ತಿತ್ತೋ ಅಷ್ಟಾದರೂ ಉಳಿಯಿತೆಂದು ಗೃಹಸ್ಥರು ಸಮಾಧಾನಪಟ್ಟುಕೊಂಡರು.

ದ್ವೇಷದಿಂದ ಆಗುವ ಹಿಂಸೆಯನ್ನು ಗುರುತಿಸುವುದು ಸುಲಭ. ಅಲಕ್ಷ್ಯದಿಂದ ಆಗುವ ಹಿಂಸೆಗೆ ಮುಖವೇ ಇರುವುದಿಲ್ಲ. ಪ್ರೀತಿ, ಭಕ್ತಿ, ಸ್ಮರಣೆಗಳ ವೇಷದಲ್ಲಿಯೂ ಅದು ಬರಬಹುದು. ಹಿರಿಯರು ಪ್ರಮಾದವೆಂದು ಕರೆದು ಎಚ್ಚರಿಸಿದ್ದು ಇದನ್ನೇ. 'ಶ್ರಾವಕ' ಎಂಬ ಪದಕ್ಕೆ ಕೇಳುವವನು ಎಂಬುದೇ ಮೂಲಾರ್ಥ. ಸದ್ಬೋಧೆಯನ್ನು ಕೇಳುವ ಕಿವಿಯು ನೆರೆಮನೆಯ ಮೌನವನ್ನೂ ಕೇಳುವಷ್ಟು ಸೂಕ್ಷ್ಮವಾಗಿರಬೇಕಾದುದು ನ್ಯಾಯವೇ ಸರಿ.

ಈ ಮಾತು ಮನೆಗಳಿಗೆ ಮಾತ್ರವಲ್ಲ, ಸಭಾಭವನ ಮತ್ತು ಕಲ್ಯಾಣಮಂಟಪಗಳನ್ನು ನಡೆಸುವ ಸಂಸ್ಥೆಗಳಿಗೂ ಸಲ್ಲುತ್ತದೆ. ಅಲ್ಲಿ ಬಾಡಿಗೆಗೆ ಬರುವ ಪೆಟ್ಟಿಗೆಗಳು ಇನ್ನೂ ದೊಡ್ಡವು. ಗೋಡೆಗೆ ಅಂಟಿಕೊಂಡ ಮನೆಗಳಲ್ಲಿ ಹಸುಗೂಸುಗಳೂ ರೋಗಿಗಳೂ ಪರೀಕ್ಷೆಗೆ ಓದುವ ಮಕ್ಕಳೂ ಇರುತ್ತಾರೆ. ಧ್ವನಿವರ್ಧಕದವನು ವೇದಿಕೆಯ ಮುಂದೆ ನಿಂತು ಸರಿಯೆಂದ ಮಾತ್ರಕ್ಕೆ ಸರಿಯಾಗದು. ವ್ಯವಸ್ಥಾಪಕರಲ್ಲಿ ಒಬ್ಬರು ಹೊರಗೆ ಹೋಗಿ, ಪಕ್ಕದ ಮನೆಯವರ ಅನುಮತಿ ಪಡೆದು, ಅವರ ಕೋಣೆಯಲ್ಲಿ ಬಾಗಿಲು ಮುಚ್ಚಿ ಐದು ನಿಮಿಷ ಕೂತು ಬರಲಿ. ಇದಕ್ಕೆ ಹಣ ಬೇಕಿಲ್ಲ, ಯಂತ್ರವೂ ಬೇಕಿಲ್ಲ.

ಪೆಟ್ಟಿಗೆಯ ಜೊತೆಗೆ ಬರುವ ಕೈಪಿಡಿ ತಂತಿಯನ್ನು ಎಲ್ಲಿ ಜೋಡಿಸಬೇಕು, ಯಾವ ಗುಂಡಿಯನ್ನು ಎತ್ತ ತಿರುಗಿಸಬೇಕು ಎಂಬುದನ್ನು ಹೇಳುತ್ತದೆ. ಎಷ್ಟು ಬೇಕೆಂಬುದನ್ನು ಮನೆಯವರು ತಮ್ಮ ಆಸನದಲ್ಲಿ ಕೂತು ನಿರ್ಧರಿಸಲಿ. ಎಷ್ಟು ಸಾಕೆಂಬುದನ್ನು ಮಾತ್ರ ಮೆಟ್ಟಿಲಿಳಿದು ಹೋಗಿ, ಕೇಳಿ ತಿಳಿಯಲಿ.